ಹಬ್ಬದ ದಿನ ಊರು ಬಿಡಬೇಡಿ

ಮೊರಾಕೊದಲ್ಲಿ ಎರಡು ವರ್ಷ ಇದ್ದು ಬಂದೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಊಟಕ್ಕೆ ಏನು ಮಾಡಿದ್ರಿ? ಹಬ್ಬ ಬಂದಾಗ ಏನು ಮಾಡಿದ್ರಿ? ಮೊದಲನೆಯದನ್ನು ನಾನು ಸಸ್ಯಾಹಾರಿ ಅಂತ ಗೊತ್ತಿರುವವರು ಕೇಳುತ್ತಾರೆ. ಎರಡನೆಯದನ್ನು ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಸ್ವಲ್ಪ ಮರುಕವೂ ಇರುತ್ತದೆ. ಪಾಪ, ಮುಸ್ಲಿಂ ದೇಶದಲ್ಲಿ ಒಬ್ಬಳೇ, ದೀಪಾವಳಿಗೆ ಒಂದು ದೀಪ ಹಚ್ಚುವುದಕ್ಕೂ ಆಗಿರಲಿಕ್ಕಿಲ್ಲ ಅಂತ. ಇವತ್ತು ಆ ಎರಡನೇ ಪ್ರಶ್ನೆಗೇ ಪೂರ್ತಿ ಉತ್ತರ ಹೇಳುತ್ತೇನೆ. ಊಟದ ವಿಷಯ ನಡುವೆ ತಾನಾಗಿಯೇ ಬರುತ್ತದೆ. ಹಬ್ಬ ಅಂದ ಮೇಲೆ ಊಟ ಬಿಟ್ಟು ಮಾತಾಡೋದು ಹೇಗೆ?

ನಾನು ಅಲ್ಲಿಗೆ ಹೋದದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಹುಟ್ಟಿದ್ದು, ಓದಿದ್ದು ಇದೇ ಸಾಗರ ತಾಲೂಕಿನಲ್ಲಿ. ಮದುವೆಯಾಗಿ ಅಮೆರಿಕಕ್ಕೆ ಹೋದೆ, ಅಲ್ಲಿ ಶಾಲೆಯಲ್ಲಿ ಪಾಠ ಮಾಡಿದೆ, ಅಲ್ಲಿಯ ಪೌರತ್ವವೂ ಸಿಕ್ಕಿತು. ಯಜಮಾನರು ತೀರಿಕೊಂಡರು, ಮಕ್ಕಳು ಅವರವರ ಊರಲ್ಲಿ ನೆಲೆ ನಿಂತರು. ಕೆಲಸದಿಂದ ನಿವೃತ್ತಿಯಾದಾಗ ಮೈಯಲ್ಲಿ ಇನ್ನೂ ಶಕ್ತಿ ಇತ್ತು. ಆಗ ಪೀಸ್ ಕೋರ್‌ಗೆ ಅರ್ಜಿ ಹಾಕಿದೆ. 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿ ಶುರು ಮಾಡಿದ ಸರ್ಕಾರಿ ಸಂಸ್ಥೆ ಅದು. ಅಮೆರಿಕದ ನಾಗರಿಕರು ಬೇರೆ ದೇಶದ ಊರುಗಳಿಗೆ ಹೋಗಿ, ಅಲ್ಲಿಯವರ ಜೊತೆ ಇದ್ದು ಕೆಲಸ ಮಾಡಬೇಕು. ಒಟ್ಟು 27 ತಿಂಗಳು: ಮೂರು ತಿಂಗಳು ತರಬೇತಿ, ಎರಡು ವರ್ಷ ಕೆಲಸ. ಸಂಬಳ ಇಲ್ಲ, ಊರಿನವರ ಹಾಗೆ ಬದುಕಲು ಸಾಕಾಗುವಷ್ಟು ಖರ್ಚಿನ ಹಣ ಕೊಡುತ್ತಾರೆ. ಮೊರಾಕೊಗೆ ಇವರು 1963ರಿಂದಲೇ ಹೋಗುತ್ತಿದ್ದಾರೆ. ನಾನು ಹೋದದ್ದು 2017ರ ಸೆಪ್ಟೆಂಬರಿನಲ್ಲಿ. ಆಗ ನನಗೆ 59.

ಇಲ್ಲಿ ಕೂತಿರುವ ಹುಡುಗರು ಕೇಳಬಹುದು, ನಾವು ಭಾರತದಿಂದ ಹೋಗಬಹುದಾ ಅಂತ. ಪೀಸ್ ಕೋರ್‌ಗೆ ಆಗುವುದಿಲ್ಲ. ಆದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಕಾರ್ಯಕ್ರಮ ಇದೆ, ಜರ್ಮನಿಯ ಬಾನ್ ನಗರದಲ್ಲಿ ಅದರ ಮುಖ್ಯ ಕಚೇರಿ. ಅದಕ್ಕೆ ನಮ್ಮವರೂ ಅರ್ಜಿ ಹಾಕಬಹುದು. ಸಭೆ ಮುಗಿದ ಮೇಲೆ ಬನ್ನಿ, ಹೇಳುತ್ತೇನೆ.

ನನ್ನನ್ನು ಕಳಿಸಿದ್ದು ಮಧ್ಯ ಅಟ್ಲಾಸ್ ಬೆಟ್ಟದ ಕಡೆಯ ಒಂದು ಸಣ್ಣ ಊರಿಗೆ. ಅಜ್ರೂ ಅಂತ ಒಂದು ಪೇಟೆ ಇದೆ, ಸುತ್ತ ದೇವದಾರು ಕಾಡು. ಅಲ್ಲಿಂದ ಇನ್ನೂ ಒಳಗೆ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅರ್ಧ ಜನ ಮನೆಯಲ್ಲಿ ಅಮಾಜಿಗ್ ಭಾಷೆ ಆಡುತ್ತಾರೆ, ಪೇಟೆಯಲ್ಲಿ ದಾರಿಜಾ, ಅಂದರೆ ಮೊರಾಕೊದ ಆಡುಮಾತಿನ ಅರಬ್ಬಿ. ಕೆಲಸ ‘ದಾರ್ ಶಬಾಬ್’ನಲ್ಲಿ. ಹೆಸರಿನ ಅರ್ಥ ಯುವಜನರ ಮನೆ, ಸರ್ಕಾರ ಊರೂರಲ್ಲಿ ನಡೆಸುವ ಕೇಂದ್ರ. ನಾನು ಇಂಗ್ಲಿಷ್ ಹೇಳಿಕೊಡಬೇಕು, ಹೆಣ್ಣುಮಕ್ಕಳಿಗೆ ಓದುವ ಕೂಟ ಕಟ್ಟಬೇಕು ಅಂತ ಯೋಜನೆ.

ಒಂದು ಮನೆಯ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯವರು. ಮನೆಯೊಡತಿ ನನಗಿಂತ ಆರು ವರ್ಷ ದೊಡ್ಡವರು. ‘ಖಾಲ್ತಿ ಅಂತ ಕರಿ’ ಅಂದರು. ಖಾಲ್ತಿ ಅಂದರೆ ಅಮ್ಮನ ಅಕ್ಕ ಅಥವಾ ತಂಗಿ. ನಾನು ಮನಸ್ಸಿನಲ್ಲೇ ದೊಡ್ಡಮ್ಮ ಅಂತ ಅನುವಾದ ಮಾಡಿಕೊಂಡೆ. ಅಮೆರಿಕದಿಂದ ಬಂದವಳು ಅಂತ ಎಷ್ಟು ಹೇಳಿದರೂ ಊರಿನವರಿಗೆ ನಾನು ‘ಹಿಂದಿಯಾ’, ಹಿಂದೂಸ್ತಾನದವಳು. ಅಲ್ಲಿ ಹಿಂದಿ ಸಿನಿಮಾ ಅಂದರೆ ಪ್ರಾಣ. ಕಿರಾಣಿ ಅಂಗಡಿಯ ಯಜಮಾನರು ನನ್ನನ್ನು ನೋಡಿದ ಕೂಡಲೇ ಶಾರುಖ್ ಖಾನ್ ಹೆಸರು ಹೇಳಿ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದರು.

ಮೊದಲ ದೀಪಾವಳಿ ಬಂದದ್ದು ತರಬೇತಿಯ ನಡುವೆ, 2017ರ ಅಕ್ಟೋಬರಿನಲ್ಲಿ. ಆಗ ಬೇರೊಂದು ಮನೆಯಲ್ಲಿದ್ದೆ. ಯಾರಿಗೂ ಹೇಳಲಿಲ್ಲ. ಯಾರಾದರೂ ಬೇಡ ಅಂದರೋ? ಇಲ್ಲ. ನನಗೇ ಅಳುಕು. ಅಲ್ಲಿ ಮುಸ್ಲಿಮರನ್ನು ಮತಾಂತರಕ್ಕೆ ಸೆಳೆಯುವುದು ಅಪರಾಧ. ಕಾಸಾಬ್ಲಾಂಕಾದ ಹಸನ್ ಮಸೀದಿಯಂಥ ಒಂದೆರಡು ಬಿಟ್ಟರೆ ಮಸೀದಿಗಳಿಗೆ ಬೇರೆ ಧರ್ಮದವರು ಹೋಗುವಂತಿಲ್ಲ. ಇದನ್ನೆಲ್ಲ ತರಬೇತಿಯಲ್ಲಿ ಕೇಳಿ, ನನ್ನ ಹಬ್ಬದ ಹೆಸರು ಎತ್ತಿದರೂ ತಪ್ಪಾಗುತ್ತದೇನೋ ಅಂದುಕೊಂಡೆ. ಬಾಗಿಲು ಹಾಕಿಕೊಂಡು ಒಂದು ಮೇಣದ ಬತ್ತಿ ಹಚ್ಚಿದೆ, ಐದು ನಿಮಿಷಕ್ಕೆ ಆರಿಸಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಯೋಚಿಸಿದರೆ ಅನ್ನಿಸುತ್ತದೆ, ನಾನು ಆ ಮನೆಯವರಿಗೆ ಅನ್ಯಾಯ ಮಾಡಿದೆ. ಅವರನ್ನು ಕೇಳದೆಯೇ ಅವರು ಹೀಗೆ ಅಂತ ತೀರ್ಮಾನ ಮಾಡಿಬಿಟ್ಟಿದ್ದೆ.

ಇನ್ನು ಕೆಲಸ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ನನ್ನ ತರಗತಿಗೆ ಬಂದದ್ದು ನಾಲ್ಕು ಹುಡುಗರು. ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಗೋಡೆಗೆ ಚೀಟಿ ಅಂಟಿಸಿದೆ, ಶಾಲೆಗೆ ಹೋಗಿ ಹೇಳಿದೆ, ಏನೂ ಆಗಲಿಲ್ಲ. ಅಷ್ಟರಲ್ಲಿ ರಮ್ಜಾನ್ ಹತ್ತಿರ ಬಂತು. ಆ ವರ್ಷ ಮೇ ತಿಂಗಳಲ್ಲಿ. ಸ್ವಯಂಸೇವಕರಲ್ಲಿ ಒಂದು ಮಾತಿತ್ತು: ರಮ್ಜಾನಿನಲ್ಲಿ ಏನೂ ಕೆಲಸ ನಡೆಯೋದಿಲ್ಲ, ರಜೆ ಉಳಿಸಿಕೊಂಡಿದ್ದು ಆಗ ಹೊರಟುಬಿಡಿ ಅಂತ. ಹಗಲೆಲ್ಲ ಊರು ಮಲಗಿರುತ್ತದೆ, ಹೋಟೆಲ್ ಬಾಗಿಲು ಹಾಕಿರುತ್ತದೆ, ಬಿಸಿಲು ಬೇರೆ. ಎಷ್ಟೋ ಜನ ಹೊರಟರು. ನಾನೂ ಟಿಕೆಟ್ ನೋಡುತ್ತಿದ್ದೆ. ಖಾಲ್ತಿ ಒಂದು ದಿನ ಮೆಟ್ಟಿಲ ಕೆಳಗಿಂದ ಕೂಗಿದರು, ‘ನಾಳೆ ಶೆಬ್ಬಾಕಿಯಾ ಮಾಡುತ್ತೇವೆ, ಬೆಳಿಗ್ಗೆಯೇ ಬಾ.’

ನಮ್ಮಲ್ಲಿ ಚಕ್ಕುಲಿ ಕಂಬಳ ಇದೆಯಲ್ಲ, ಚೌತಿಗೆ ಮೊದಲು ಅಕ್ಕಪಕ್ಕದವರೆಲ್ಲ ಒಂದು ಮನೆಯಲ್ಲಿ ಸೇರಿ ಕೈಚಕ್ಕುಲಿ ಸುತ್ತೋದು? ಅದನ್ನೇ ಅಲ್ಲಿ ಕಂಡೆ. ಹತ್ತು ಹನ್ನೆರಡು ಹೆಂಗಸರು ಚಾಪೆ ಹಾಸಿ ಕೂತಿದ್ದರು. ಗೋಧಿ ಹಿಟ್ಟಿಗೆ ಎಳ್ಳಿನ ಪುಡಿ, ದಾಲ್ಚಿನ್ನಿ, ಸೋಂಪು, ಕೇಸರಿ, ಕಿತ್ತಳೆ ಹೂವಿನ ನೀರು ಹಾಕಿ ಗಟ್ಟಿಯಾಗಿ ನಾದುತ್ತಾರೆ. ಲಟ್ಟಿಸಿ ಚೌಕ ಕತ್ತರಿಸಿ, ಅದರೊಳಗೆ ಉದ್ದುದ್ದ ಸೀಳು ಹಾಕುತ್ತಾರೆ, ಅಂಚು ಕತ್ತರಿಸದ ಹಾಗೆ. ಒಂದು ಬಿಟ್ಟು ಒಂದು ಪಟ್ಟಿಯನ್ನು ಬೆರಳಿಗೆ ಏರಿಸಿ, ಮೂಲೆ ಹಿಡಿದು ಒಳಗಿನಿಂದ ತಿರುವಿದರೆ ಹೂವಾಗುತ್ತದೆ. ಎಣ್ಣೆಯಲ್ಲಿ ಕರಿದು ಬಿಸಿ ಇರುವಾಗಲೇ ಜೇನಿನಲ್ಲಿ ಮುಳುಗಿಸಿ, ಮೇಲೆ ಎಳ್ಳು ಉದುರಿಸುತ್ತಾರೆ. ನನ್ನ ಮೊದಲ ಹತ್ತು ಹೂವು ಬಿಚ್ಚಿಕೊಂಡವು. ಹನ್ನೊಂದನೆಯದು ನಿಂತಿತು. ಚಕ್ಕುಲಿ ಸುತ್ತಿದ ಕೈ ಅಲ್ವಾ, ಆಮೇಲೆ ಬೇಗ ಹಿಡಿತ ಸಿಕ್ಕಿತು. ಪಕ್ಕದಲ್ಲಿದ್ದವರು ನನ್ನ ಬೆರಳು ನೋಡಿ, ‘ನಿಮ್ಮಲ್ಲೂ ಇದೆಯಾ?’ ಅಂತ ಕೇಳಿದರು. ನಾನು ಚಕ್ಕುಲಿ, ಚೌತಿ, ನಮ್ಮ ಅಟ್ಟದ ಮೇಲಿನ ಡಬ್ಬಿ, ಎಲ್ಲ ಹೇಳಿದೆ. ಆರು ತಿಂಗಳಲ್ಲಿ ಆಡದಷ್ಟು ದಾರಿಜಾ ಆ ಒಂದು ದಿನ ಆಡಿದೆ. ಅವತ್ತೇ ಟಿಕೆಟ್ ನೋಡುವುದು ಬಿಟ್ಟೆ.

ಅವತ್ತೇ ‘ಸೆಲ್ಲೂ’ ಕೂಡ ಮಾಡಿದರು. ಹುರಿದ ಹಿಟ್ಟು, ಹುರಿದ ಎಳ್ಳು, ಬಾದಾಮಿ, ಜೇನು, ಬೆಣ್ಣೆ. ಬಾಯಿಗೆ ಹಾಕಿದರೆ ನಮ್ಮ ತಂಬಿಟ್ಟು! ಅಲ್ಲಿಯ ‘ಬಘ್ರೀರ್’ ನೋಡಿದರೆ ನೀವು ಸೆಟ್ ದೋಸೆ ಅನ್ನುತ್ತೀರಿ, ಮೇಲೆಲ್ಲ ಸಣ್ಣ ಸಣ್ಣ ತೂತು, ಒಂದೇ ಕಡೆ ಬೇಯಿಸೋದು.

ರಮ್ಜಾನ್ ಬಂದಾಗ ಆ ದೇಶ ಗಡಿಯಾರವನ್ನೇ ಒಂದು ಗಂಟೆ ಹಿಂದೆ ಹಾಕುತ್ತದೆ. ಉಪವಾಸದವರಿಗೆ ಸಂಜೆ ಬೇಗ ಬರಲಿ ಅಂತ. ಬೆಳಗಿನ ಜಾವ ಒಬ್ಬ ಡೋಲು ಬಾರಿಸುತ್ತಾ ಓಣಿ ಓಣಿ ಸುತ್ತುತ್ತಾನೆ, ಊಟ ಮಾಡುವವರು ಏಳಲಿ ಅಂತ. ನಾನೂ ಉಪವಾಸ ಮಾಡಿದೆ, ಆದರೆ ನೀರು ಕುಡಿಯುತ್ತಿದ್ದೆ. ಯಾರೂ ಮಾಡು ಅನ್ನಲಿಲ್ಲ. ಖಾಲ್ತಿಯೇ ಬೇಡ ಅಂದರು. ಮುದುಕರಿಗೆ, ಕಾಯಿಲೆಯವರಿಗೆ, ಪ್ರಯಾಣದಲ್ಲಿ ಇರುವವರಿಗೆ ಅವರ ಧರ್ಮದಲ್ಲೇ ವಿನಾಯಿತಿ ಇದೆ, ನೀನು ಮನೆ ಬಿಟ್ಟು ಬಂದವಳು, ನೀನೂ ಪ್ರಯಾಣಿಕಳೇ ಅಂತ ಅವರ ವಾದ. ನನ್ನ ಅಮ್ಮ ಏಕಾದಶಿ ಮಾಡುತ್ತಿದ್ದರು, ಹಸಿವು ನನಗೆ ಹೊಸದಲ್ಲ. ಅದಕ್ಕಿಂತ ಹೆಚ್ಚಾಗಿ, ಮನೆಯವರೆಲ್ಲ ಹಸಿದು ಕಾಯುವಾಗ ನಾನು ಮೇಲೆ ಕೂತು ಅನ್ನ ಮಾಡಿಕೊಂಡರೆ ಒಗ್ಗರಣೆ ವಾಸನೆ ಕೆಳಗೆ ಹೋಗುತ್ತದಲ್ಲ, ಅದು ನನಗೆ ಆಗಲಿಲ್ಲ.

ಸಂಜೆ ಬಾಂಗ್ ಆಗುವ ಮುಂಚಿನ ಹತ್ತು ನಿಮಿಷ ಇದೆಯಲ್ಲ, ಅದನ್ನು ನಿಮಗೆ ತೋರಿಸಬೇಕು ಅನ್ನಿಸುತ್ತದೆ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಒಳಗೆ ದುಂಡು ಮೇಜು. ಖರ್ಜೂರ, ಹಾಲು, ಬೇಯಿಸಿದ ಮೊಟ್ಟೆ, ಒಂದು ಸಣ್ಣ ತಟ್ಟೆಯಲ್ಲಿ ಉಪ್ಪು ಜೀರಿಗೆ ಪುಡಿ, ಶೆಬ್ಬಾಕಿಯಾ. ಬಟ್ಟಲುಗಳಲ್ಲಿ ಹರೀರಾ ಹಬೆಯಾಡುತ್ತಿರುತ್ತದೆ. ಟೊಮೆಟೊ, ಕಡಲೆ, ಬೇಳೆ, ಕೊತ್ತಂಬರಿ ಹಾಕಿದ ಗಟ್ಟಿ ಸಾರು. ಅದಕ್ಕೆ ಮಾಂಸ ಹಾಕುವುದು ವಾಡಿಕೆ. ಖಾಲ್ತಿ ಆ ತಿಂಗಳಿಡೀ ಮೊದಲು ಮಾಂಸವಿಲ್ಲದೆ ಕುದಿಸಿ, ನನ್ನ ಬಟ್ಟಲು ತೆಗೆದಿಟ್ಟು, ಆಮೇಲೆ ಉಳಿದವರದ್ದಕ್ಕೆ ಹಾಕುತ್ತಿದ್ದರು. ಮೊಮ್ಮಗ, ಒಂಬತ್ತು ವರ್ಷದವನು, ಖರ್ಜೂರ ಬೆರಳಲ್ಲಿ ಹಿಡಿದು ಟಿವಿ ನೋಡುತ್ತಿರುತ್ತಾನೆ. ಯಾರೂ ಮಾತಾಡುವುದಿಲ್ಲ. ಬಾಂಗ್ ಕೇಳಿದ ಕ್ಷಣ ‘ಬಿಸ್ಮಿಲ್ಲಾ’ ಅಂತ ಖರ್ಜೂರ ಬಾಯಿಗೆ. ಮೊದಲ ಗುಟುಕು ಹಾಲು ಇಳಿದ ಮೇಲೆ ಎಲ್ಲರ ಮುಖ ಸಡಿಲವಾಗುತ್ತದೆ, ಒಟ್ಟಿಗೇ ಮಾತು ಶುರುವಾಗುತ್ತದೆ.

ಆಮೇಲೆ ಖಾಲ್ತಿ ನನ್ನ ಕಡೆ ತಿರುಗಿ ‘ಕೂಲಿ, ಕೂಲಿ’ ಅನ್ನುತ್ತಿದ್ದರು. ದಾರಿಜಾದಲ್ಲಿ ಹೆಂಗಸಿಗೆ ‘ತಿನ್ನು’ ಅನ್ನೋದು ಹಾಗೆ. ಸಂಬಳವಿಲ್ಲದ ಕೆಲಸಕ್ಕೆ ಹೋದವಳಿಗೆ ದಿನಾ ಸಂಜೆ ಆ ಮಾತು ಕಿವಿಗೆ ಬೀಳುತ್ತಿತ್ತು. ನನ್ನ ಮಟ್ಟಿಗೆ ಅದು ಕನ್ನಡದ ಅರ್ಥದಲ್ಲೂ ನಿಜ.

ರಾತ್ರಿ ಒಂಬತ್ತರ ಮೇಲೆ ಊರು ಏಳುತ್ತದೆ. ದಾರ್ ಶಬಾಬ್ ಕೂಡ ರಾತ್ರಿ ತೆರೆಯುತ್ತಿತ್ತು. ನಾನು ತರಗತಿಯನ್ನು ಹತ್ತು ಗಂಟೆಗೆ ಬದಲಾಯಿಸಿದೆ. ಮೊದಲ ರಾತ್ರಿ ಶೆಬ್ಬಾಕಿಯಾ ಕಂಬಳದಲ್ಲಿದ್ದ ಮೂವರು ತಾಯಂದಿರು ತಮ್ಮ ಹೆಣ್ಣುಮಕ್ಕಳನ್ನು ಕೈ ಹಿಡಿದು ಕರೆದುಕೊಂಡು ಬಂದರು. ತಿಂಗಳು ಮುಗಿಯುವಾಗ ಹದಿನೆಂಟು ಜನ. ಗೋಡೆಯ ಚೀಟಿ ನೋಡಿ ಬಂದವರು ಒಬ್ಬರೂ ಇಲ್ಲ. ಜೊತೆಗೆ ಕೂತು ಹಿಟ್ಟು ತಿರುವಿದವಳ ಹತ್ತಿರ ಮಗಳನ್ನು ಕಳಿಸಿದರು, ಅಷ್ಟೇ. ಕೆಲಸಕ್ಕೆ ಅಡ್ಡಿ ಅಂತ ಎಲ್ಲರೂ ಹೇಳಿದ ತಿಂಗಳಲ್ಲೇ ನನ್ನ ಕೆಲಸ ಶುರುವಾಯಿತು.

ಒಂದು ತಪ್ಪೂ ಆಯಿತು. ಉತ್ಸಾಹದಲ್ಲಿ ಒಂದು ರಾತ್ರಿ ಮಕ್ಕಳಿಂದ ಸಣ್ಣ ಕಾರ್ಯಕ್ರಮ ಇಟ್ಟೆ. ಕುರ್ಚಿ ಜೋಡಿಸಿ ಕಾದೆ, ಯಾರೂ ಇಲ್ಲ. ಅವತ್ತು ರಮ್ಜಾನಿನ 27ನೇ ರಾತ್ರಿ. ಕುರಾನ್ ಇಳಿದು ಬಂದ ರಾತ್ರಿ ಅಂತ ಅವರ ನಂಬಿಕೆ, ವರ್ಷದಲ್ಲೇ ದೊಡ್ಡದು. ಬೀದಿಗೆ ಬಂದು ನೋಡಿದರೆ ನನ್ನ ಪುಟ್ಟ ವಿದ್ಯಾರ್ಥಿನಿಯರು ಮದುಮಗಳ ಹಾಗೆ ಸಿಂಗಾರ ಮಾಡಿಕೊಂಡು, ಕೈಗೆ ಗೋರಂಟಿ ಹಚ್ಚಿಕೊಂಡು ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿದ್ದರು. ಮೊದಲ ಸಲ ಉಪವಾಸ ಹಿಡಿದ ಮಕ್ಕಳಿಗೆ ಅವತ್ತು ರಾಣಿಯ ಮರ್ಯಾದೆ. ಪಂಚಾಂಗ ನೋಡದೆ ಮದುವೆಗೆ ದಿನ ಇಟ್ಟ ಹಾಗಾಯಿತು ನನ್ನದು. ಮರುದಿನವೇ ಖಾಲ್ತಿಯ ಜೊತೆ ಕೂತು ವರ್ಷದ ಎಲ್ಲ ಹಬ್ಬ, ಸಂತೆ, ಆಲಿವ್ ಕೊಯ್ಲು, ಪರೀಕ್ಷೆ ಒಂದು ಹಾಳೆಯಲ್ಲಿ ಬರೆದುಕೊಂಡೆ. ಹೋದ ಮೊದಲ ವಾರ ಮಾಡಬೇಕಿದ್ದ ಕೆಲಸ ಅದು.

ಎಲ್ಲವೂ ಸುಲಭವಾಗಿರಲಿಲ್ಲ. ಆಗಸ್ಟಿನಲ್ಲಿ ಈದ್ ಕಬೀರ್ ಬಂತು, ನಾವು ಬಕ್ರೀದ್ ಅನ್ನುತ್ತೇವಲ್ಲ, ಅದು. ಪ್ರತಿ ಮನೆಯೂ ಕುರಿ ತರುತ್ತದೆ. ನಮ್ಮ ಮನೆಯದನ್ನು ನಾಲ್ಕು ದಿನ ಮೊದಲೇ ತಂದು ಮಾಳಿಗೆ ಮೇಲೆ, ನನ್ನ ಕೋಣೆಯ ಪಕ್ಕ ಕಟ್ಟಿದರು. ಬಿಳಿ ಮೈ, ಕಣ್ಣಿನ ಸುತ್ತ ಕಪ್ಪು. ಮೊಮ್ಮಗ ಅದಕ್ಕೆ ಹುಲ್ಲು ಹಾಕುವಾಗ ನಾನೂ ಹಾಕಿದೆ. ಹಬ್ಬದ ಬೆಳಿಗ್ಗೆ ಟಿವಿಯಲ್ಲಿ ದೊರೆ ಬಲಿ ಕೊಡುವುದನ್ನು ತೋರಿಸುತ್ತಾರೆ, ಆಮೇಲೆ ಮನೆ ಮನೆಯಲ್ಲಿ. ಹುಟ್ಟಿನಿಂದ ಮಾಂಸ ಮುಟ್ಟದವಳು ನಾನು. ನೋಡಲು ನನ್ನಿಂದ ಆಗಲಿಲ್ಲ. ಕಿಟಕಿ ಹಾಕಿಕೊಂಡು ಕೂತು ಅತ್ತುಬಿಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ನಾಲ್ಕು ದಿನ ಕೈಯಿಂದ ಹುಲ್ಲು ತಿಂದ ಪ್ರಾಣಿ ಅದು. ಆ ಸಂಕಟ ಇವತ್ತೂ ನನ್ನಲ್ಲಿದೆ, ಅದು ಹೋಗಬೇಕು ಅಂತಲೂ ನನಗೆ ಅನ್ನಿಸುವುದಿಲ್ಲ.

ಮಧ್ಯಾಹ್ನ ಖಾಲ್ತಿ ಮೇಲೆ ಬಂದರು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಚಹಾ ತಂದಿದ್ದರು. ಸ್ವಲ್ಪ ಹೊತ್ತು ಕೂತು, ‘ಮುಂದಿನ ಬೀದಿಯ ವಿಧವೆಯ ಮನೆಗೆ ಪಾಲು ಹೋಗಬೇಕು, ಗಂಡಸರು ಕೆಲಸದಲ್ಲಿದ್ದಾರೆ, ನನ್ನ ಮಂಡಿ ನೋವು. ನೀನು ಕೊಟ್ಟು ಬರುತ್ತೀಯಾ? ಮುಚ್ಚಿ ಕೊಡುತ್ತೇನೆ’ ಅಂದರು. ಆ ಹಬ್ಬದಲ್ಲಿ ಮಾಂಸ ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳುವಂತಿಲ್ಲ, ಇಲ್ಲದವರಿಗೆ ಹೋಗಲೇಬೇಕು. ನಾನು ಆ ಮುಚ್ಚಿದ ಪಾತ್ರೆ ಹಿಡಿದು ಹೋದೆ. ಕೈ ನಡುಗುತ್ತಿತ್ತು. ಬಾಗಿಲು ತೆರೆದ ಹೆಂಗಸು ಪಾತ್ರೆ ತೆಗೆದುಕೊಂಡು ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಅವರ ಮನೆಯಲ್ಲಿ ಆ ತಿಂಗಳು ಬೇರೆ ಮಾಂಸ ಬೇಯುವಂತಿರಲಿಲ್ಲ. ಎರಡನೇ ವರ್ಷ ನಾನಾಗಿಯೇ ಕೇಳಿಕೊಂಡು ಆ ಕೆಲಸ ಮಾಡಿದೆ, ಜೊತೆಗೆ ರೊಟ್ಟಿ ಹಿಟ್ಟನ್ನು ಊರ ಒಲೆಗೆ ಹೊತ್ತುಕೊಂಡು ಹೋಗಿ ಸುಡಿಸಿಕೊಂಡು ಬಂದೆ.

ಮಾತು ಬಂತು, ಹೇಳಿಬಿಡುತ್ತೇನೆ. 2025ರಲ್ಲಿ ಮೊರಾಕೊದ ದೊರೆ ಈ ವರ್ಷ ಕುರಿ ಕಡಿಯಬೇಡಿ ಅಂತ ಜನರನ್ನು ಕೇಳಿಕೊಂಡರು. ವರ್ಷಗಟ್ಟಲೆ ಬರ ಬಿದ್ದು ಕುರಿಗಳ ಸಂಖ್ಯೆ ಬಹಳ ಇಳಿದಿತ್ತು. ಅವರ ತಂದೆಯೂ 1996ರಲ್ಲಿ ಬರದ ಕಾರಣಕ್ಕೆ ಹೀಗೆಯೇ ಕೇಳಿಕೊಂಡಿದ್ದರು. ಜನರೆಲ್ಲರ ಪರವಾಗಿ ತಾನು ಬಲಿ ಕೊಡುತ್ತೇನೆ ಅಂದರು ದೊರೆ. ಹಬ್ಬದ ದಿನ ಖಾಲ್ತಿಗೆ ಫೋನ್ ಮಾಡಿದೆ. ನನಗೆ ಸಮಾಧಾನ ಆಗಿರಬಹುದು ಅಂತ ನೀವು ಅಂದುಕೊಳ್ಳುತ್ತೀರಿ. ಕುರಿಯ ಮಟ್ಟಿಗೆ ಆಯಿತು. ಆದರೆ ಅವರ ದನಿ ಕೇಳಿದಾಗ ಮೊದಲು ನೆನಪಾದದ್ದು ಮುಂದಿನ ಬೀದಿಯ ಆ ಮನೆ. ಕೇಳಿದೆ. ‘ಕೋಳಿ ಬೇಯಿಸಿ ಕಳಿಸಿದ್ದೇನೆ, ಪಾತ್ರೆ ಅದೇ’ ಅಂದರು.

ಚಿಕ್ಕ ವಯಸ್ಸಿನ ಸ್ವಯಂಸೇವಕರ ವಿಷಯ ಒಂದು ಮಾತು. ಡಿಸೆಂಬರ್ 25 ಅಲ್ಲಿ ಸಾಮಾನ್ಯ ಕೆಲಸದ ದಿನ. ಪಕ್ಕದ ಪೇಟೆಯಲ್ಲಿದ್ದ ಇಪ್ಪತ್ಮೂರು ವರ್ಷದ ಹುಡುಗ ಅವತ್ತು ಯಾರಿಗೂ ಹೇಳದೆ ಪಾಠ ಮಾಡಿ, ರಾತ್ರಿ ನನಗೆ ಫೋನ್ ಮಾಡಿ ಅತ್ತ. ನನ್ನ ಮೇಣದ ಬತ್ತಿಯ ಕಥೆ ಅವನಿಗೆ ಹೇಳಿದೆ. ನಿನ್ನ ಮನೆಯವರಿಗೆ ಹೋಗಿ ಹೇಳು, ಇವತ್ತೇ ಹೇಳು ಅಂದೆ. ಹೇಳಿದ. ಏಸು ಅವರಿಗೂ ಪ್ರವಾದಿಯೇ, ಏಸುವಿನ ತಾಯಿ ಮರಿಯಮ್ಮನ ಹೆಸರಿನಲ್ಲಿ ಕುರಾನಿನಲ್ಲಿ ಒಂದು ಅಧ್ಯಾಯವೇ ಇದೆ. ಮನೆಯ ಅಜ್ಜಿ ರಾತ್ರಿ ಹತ್ತು ಗಂಟೆಗೆ ಒಲೆ ಹಚ್ಚಿ ಅವನಿಗೆ ಬಘ್ರೀರ್ ಹುಯ್ದು ಕೊಟ್ಟರಂತೆ.

ಈಗ ನನ್ನ ದೀಪಾವಳಿ. 2018ರಲ್ಲಿ ನರಕ ಚತುರ್ದಶಿ ನವೆಂಬರ್ 6ಕ್ಕೆ ಬಿತ್ತು. ಅವತ್ತು ಅಲ್ಲಿ ಸರ್ಕಾರಿ ರಜೆ. 1975ರಲ್ಲಿ ಸ್ಪೇನ್ ಹಿಡಿತದಲ್ಲಿದ್ದ ಸಹಾರಾದೊಳಗೆ ಸುಮಾರು 3,50,000 ಜನ ನಡೆದು ಹೋದ ‘ಹಸಿರು ಮೆರವಣಿಗೆ’ಯ ನೆನಪಿಗೆ. ಆ ನೆಲದ ವಿವಾದ ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ರಜೆಯಾದ್ದರಿಂದ ಎಲ್ಲರೂ ಮನೆಯಲ್ಲಿದ್ದರು. ಈ ಸಲ ವಾರ ಮೊದಲೇ ಖಾಲ್ತಿಗೆ ಹೇಳಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ನಿಮ್ಮ ಹಬ್ಬವೂ ಚಂದ್ರನ ಲೆಕ್ಕವಾ?’ ಹೌದು ಅಂದೆ. ಅವರ ಹಬ್ಬಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತಾ ಎಲ್ಲ ಕಾಲವನ್ನೂ ಸುತ್ತಿ ಬರುತ್ತವೆ. ನಾವು ಮೂರು ವರ್ಷಕ್ಕೊಮ್ಮೆ ಅಧಿಕಮಾಸ ಹಾಕಿ ಹಬ್ಬವನ್ನು ಅದರ ಕಾಲಕ್ಕೇ ನಿಲ್ಲಿಸಿಕೊಳ್ಳುತ್ತೇವೆ. ಬೆರಳು ಎಣಿಸಿ ಇದನ್ನು ವಿವರಿಸಿದೆ. ಎರಡನೇ ಪ್ರಶ್ನೆ, ‘ಅವತ್ತು ಮೊದಲು ಏನು ಮಾಡುತ್ತೀರಿ?’

ಎಣ್ಣೆ ಸ್ನಾನ ಅಂದೆ. ಹಿಂದಿನ ಸಂಜೆ ನೀರು ತುಂಬುವ ಹಬ್ಬ, ಬಚ್ಚಲ ಹಂಡೆ ತೊಳೆದು, ತುಂಬಿಸಿ, ಹೂವು ಮುಡಿಸುವುದು, ಬೆಳಗಿನ ಜಾವ ಅಮ್ಮ ತಲೆಗೆ ಎಣ್ಣೆ ಒತ್ತುವುದು, ಎಲ್ಲ ಹೇಳಿದೆ. ಖಾಲ್ತಿ ಎದ್ದು ನಿಂತರು. ‘ಹಾಗಾದರೆ ಹಮ್ಮಾಮಿಗೆ ಹೋಗೋಣ’ ಅಂದರು.

ಹಮ್ಮಾಮ್ ಅಂದರೆ ಊರ ಬಿಸಿನೀರ ಸ್ನಾನದ ಮನೆ. ಹೆಂಗಸರಿಗೆ ಬೇರೆ. ಗೋಡೆಯ ಹಿಂದೆ ಸೌದೆ ಒಲೆ ಉರಿಯುತ್ತಿರುತ್ತದೆ, ಒಂದರೊಳಗೊಂದು ಮೂರು ಕೋಣೆ, ಒಳಗೆ ಹೋದ ಹಾಗೆ ಬಿಸಿ ಜಾಸ್ತಿ. ಅವರೂ ಈದ್ ಹಿಂದಿನ ದಿನ ಅಲ್ಲಿಗೆ ಹೋಗುತ್ತಾರೆ, ಆಗ ಕಾಲಿಡಲು ಜಾಗ ಇರುವುದಿಲ್ಲ. ಆಲಿವ್ ಎಣ್ಣೆಯ ಕಪ್ಪು ಸಾಬೂನು, ನೋಡಲು ಜೋನಿ ಬೆಲ್ಲದ ಹಾಗೆ. ಅದನ್ನು ಮೈಗೆ ಹಚ್ಚಿ ಒರಟು ಕೈಗವಸಿನಲ್ಲಿ ಬೆನ್ನು ಉಜ್ಜುತ್ತಾರೆ. ಅವತ್ತು ಬೆಳಿಗ್ಗೆ ನಾಲ್ಕೈದು ಜನ ಇದ್ದರು. ಖಾಲ್ತಿ ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ನಾನು ತಂದಿದ್ದ ಕೊಬ್ಬರಿ ಎಣ್ಣೆ ಅಂಗೈಗೆ ಸುರಿದುಕೊಂಡು ನನ್ನ ನೆತ್ತಿಗೆ ಇಟ್ಟರು. ‘ಹೇಳು, ನಿನ್ನ ಅಮ್ಮ ಹೇಗೆ ಮಾಡುತ್ತಿದ್ದರು?’ ನಾನು ಅವರ ಕೈ ಹಿಡಿದು ನಡುನೆತ್ತಿಗೆ ಮೂರು ಸಲ ತಟ್ಟಿ ತೋರಿಸಿದೆ. ಅವರು ಹಾಗೆಯೇ ತಟ್ಟಿದರು. ಅರವತ್ತು ವರ್ಷದ ಹೆಂಗಸಿಗೆ ನೆತ್ತಿಗೆ ಎಣ್ಣೆ ಇಡುವವರು ಯಾರಿರುತ್ತಾರೆ ಹೇಳಿ? ಅಮ್ಮ ಹೋಗಿ ಹದಿನಾಲ್ಕು ವರ್ಷ ಆಗಿತ್ತು. ಹಬೆಯಲ್ಲಿ ಯಾರಿಗೂ ಕಾಣಲಿಲ್ಲ, ನಾನು ಚೆನ್ನಾಗಿ ಅತ್ತೆ.

ರಾತ್ರಿ ಮಾಳಿಗೆಯ ಮೇಲೆ ಹರೀರಾ ಕುಡಿಯುವ ಮಣ್ಣಿನ ಬಟ್ಟಲಲ್ಲಿ ಆಲಿವ್ ಎಣ್ಣೆ ಹಾಕಿ, ಹತ್ತಿ ಹೊಸೆದು ಹನ್ನೆರಡು ದೀಪ ಹಚ್ಚಿದೆ. ಪೂಜೆಯನ್ನು ನನ್ನ ಕೋಣೆಯೊಳಗೆ ನಾನೊಬ್ಬಳೇ ಮಾಡಿಕೊಂಡೆ, ಅದಕ್ಕೆ ಯಾರನ್ನೂ ಕರೆಯಲಿಲ್ಲ. ಅಷ್ಟು ಎಚ್ಚರ ಬೇಕು ಅಂತ ಈಗಲೂ ನಂಬುತ್ತೇನೆ. ದೀಪ ನೋಡಲು, ತಂಬಿಟ್ಟು ತಿನ್ನಲು ಎಲ್ಲರೂ ಬಂದರು. ನನ್ನ ಹದಿನೆಂಟು ಹುಡುಗಿಯರೂ ಬಂದರು. ಗಾಳಿ ಜೋರಾಗಿತ್ತು. ನಾನು ಮಕ್ಕಳ ಜೊತೆ ಮಾತಾಡುತ್ತಿದ್ದಾಗ ತಿರುಗಿ ನೋಡಿದರೆ, ಖಾಲ್ತಿ ಬಗ್ಗಿ ಬಗ್ಗಿ ಒಂದೊಂದು ದೀಪಕ್ಕೂ ಎಣ್ಣೆ ಹಾಕುತ್ತಾ ಬರುತ್ತಿದ್ದರು. ನಮ್ಮಲ್ಲಿ ಅಂಟಿಗೆ ಪಂಟಿಗೆಯವರು ದೀಪ ತಂದಾಗ ಮನೆಯವರು ಎಣ್ಣೆ ಎರೆಯುತ್ತಾರಲ್ಲ, ಹಾಗೆ. ಅದನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

2019ರ ಕೊನೆಯಲ್ಲಿ ನಾನು ವಾಪಸು ಬಂದೆ. ಖಾಲ್ತಿ ಪ್ರತಿ ವರ್ಷ ನವೆಂಬರ್ 6ಕ್ಕೆ ಫೋನ್ ಮಾಡುತ್ತಾರೆ, ‘ಹಬ್ಬ ಬಂತು, ಎಣ್ಣೆ ಹಾಕಿಕೊಂಡೆಯಾ?’ ಅಂತ. ದೀಪಾವಳಿ ಆಗಲೇ ಮುಗಿದಿರುತ್ತದೆ, ಇಲ್ಲವೇ ಇನ್ನೂ ಬಂದಿರುವುದಿಲ್ಲ. ಚಂದ್ರನ ಲೆಕ್ಕ, ಅಧಿಕಮಾಸ, ಎಲ್ಲ ಮತ್ತೆ ಹೇಳಿ ನೋಡಿದ್ದೇನೆ. ‘ಇಲ್ಲಿ ರಜೆ ಇದೆ’ ಅನ್ನುತ್ತಾರೆ. ಹಾಗಾಗಿ ವರ್ಷಕ್ಕೆ ಎರಡು ಸಲ ಎಣ್ಣೆ ಹಾಕಿಕೊಳ್ಳುತ್ತೇನೆ. ಒಂದು ಪಂಚಾಂಗ ನೋಡಿ, ಇನ್ನೊಂದು ಅವರ ಫೋನ್ ಬಂದ ಮೇಲೆ.